ವಸ್ತಾದನ ಜೋಡಿಪಟ್ಟಿ

ಹೆಣಕ್ಕೆ ಹೆಗಲು ಕೊಟ್ಟು ಹೋಗುತ್ತಿರುವವನನ್ನು ತಡೆದು "ಆರಾಮ ಅದೀರಿ?" ಎಂದು ಕೇಳಿ ನೋಡಿ. ನಮ್ಮ ಧಾರವಾಡ ಸೀಮೆಯವನಾದರೆ "ಆರಾಮ ಅದೀನ್ರಿ, ನೀವು?" ಎಂದೇ ಅನ್ನುತ್ತಾನೆ. ಬಾಯಿಗೆ ಅಷ್ಟು ರೂಢಿಯಾಗಿಬಿಟ್ಟಿದೆ. ಈ ರೂಢಿ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ, ಹುಬ್ಬಳ್ಳಿಯ ಒಂದು ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರ್ ಗಂಗಾಂಬಿಕಾ ಅಂಗಡಿ ಅವರೊಬ್ಬರನ್ನು ಬಿಟ್ಟು.

ಅವರ ಬಳಿಗೆ ಬರುತ್ತಿದ್ದವರು ವೃಷಣದ ಕ್ಯಾನ್ಸರ್ ಆದ ಹುಡುಗರು. ಹದಿನೆಂಟರಿಂದ ಮೂವತ್ತೈದರೊಳಗಿನವರು. ಒಂದು ವೃಷಣವನ್ನು ತೆಗೆದುಹಾಕಿ, ಬೇಕಾದವರಿಗೆ ಕಿಮೋ ಕೊಟ್ಟು, ಆಮೇಲೆ ಐದು ವರ್ಷ ರಕ್ತ ಮತ್ತು ಸ್ಕ್ಯಾನ್ ನೋಡುತ್ತ ಬಂದರೆ ಹೆಚ್ಚಿನವರೆಲ್ಲ ಬದುಕಿ ಉಳಿಯುವ ಕಾಯಿಲೆ ಅದು. ಉಳಿಯುತ್ತಲೂ ಇದ್ದರು. ಆದರೆ ಉಳಿದವರಲ್ಲಿ ಒಬ್ಬ ಗೊತ್ತಾದ ಮದುವೆಯನ್ನು ತಾನೇ ಮುರಿದುಕೊಳ್ಳುತ್ತಿದ್ದ. ಇನ್ನೊಬ್ಬ ಗೆಳೆಯರ ಜೊತೆ ಈಜುವುದನ್ನು ಬಿಟ್ಟುಬಿಡುತ್ತಿದ್ದ. ಮತ್ತೊಬ್ಬನಿಗೆ ಸ್ಕ್ಯಾನಿನ ದಿನ ಹತ್ತಿರ ಬಂದಂತೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಂಥವರು ಬಂದು ಮನಸ್ಸು ಬಿಚ್ಚಿ ಮಾತಾಡಲಿ ಎಂದು ಗಂಗಾಂಬಿಕಾ ಪ್ರತಿ ಶನಿವಾರ ಹತ್ತು ಕುರ್ಚಿ ಹಾಕಿಸಿ ಕಾಯುತ್ತಿದ್ದರು. ಬಂದರೆ ಇಬ್ಬರು. ಅವರೂ ಚಹಾ ಕುಡಿದು "ಆರಾಮ ಅದೀವ್ರಿ ಮೇಡಂ" ಎಂದು ಎದ್ದು ಹೋಗುತ್ತಿದ್ದರು.

ಬಾಯಿ ಹೇಳದಿದ್ದರೆ ಬಾಯಿಯ ಗೊಡವೆಯೇ ಬೇಡ ಎಂದು ಒಂದು ದಿನ ಅವರಿಗೆ ಅನ್ನಿಸಿತು. ಹೇಳದೆಯೇ ಒಬ್ಬನ ಅಂಜಿಕೆ ಇನ್ನೊಬ್ಬನ ಕೈಗೆ ಮುಟ್ಟುವಂತಿದ್ದರೆ?

ಮೂರು ವರ್ಷದ ಕೆಲಸದ ನಂತರ ಜೋಡಿಪಟ್ಟಿ ತಯಾರಾಯಿತು. ಕೈಗಡಿಯಾರದ ಪಟ್ಟಿಯಂಥವೇ ಎರಡು ಪಟ್ಟಿಗಳು. ಒಂದು ಹುಡುಗನ ಮಣಿಕಟ್ಟಿಗೆ, ಇನ್ನೊಂದು ಅವನು ಹೇಳಿದವರ ಮಣಿಕಟ್ಟಿಗೆ. ಹುಡುಗನ ಪಟ್ಟಿ ಅವನ ನಾಡಿಯ ಬಡಿತಗಳ ನಡುವಿನ ಅಂತರವನ್ನೂ, ಅಂಜಿದಾಗ ಮಾತ್ರ ಬೆವರಿನಲ್ಲಿ ಬರುವ ಒಂದು ಅಂಶವನ್ನೂ ಅಳೆಯುತ್ತಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಅದು ಮೋಸಹೋಗುತ್ತಿರಲಿಲ್ಲ. ಅಂಜಿಕೆ ಮಿತಿ ದಾಟಿತೋ, ಎಲ್ಲೋ ದೂರದಲ್ಲಿರುವ ಇನ್ನೊಂದು ಪಟ್ಟಿಯೊಳಗಿನ ಸಣ್ಣ ಗುಂಡಿ ಚರ್ಮವನ್ನು ಒತ್ತಿ ಒತ್ತಿ ಹುಡುಗನ ನಾಡಿಯನ್ನೇ ಅಲ್ಲಿ ಬಡಿಯತೊಡಗುತ್ತಿತ್ತು. ಅದೇ ಹೊತ್ತಿಗೆ ಆಸ್ಪತ್ರೆಯ ಎರಡನೇ ಮಹಡಿಯ ಗೋಡೆಯ ಮೇಲೆ ಅವನ ಹೆಸರಿನ ಹಸಿರು ದೀಪ ಕೆಂಪಾಗುತ್ತಿತ್ತು. ಪ್ರಯೋಗಕ್ಕೆ ಒಪ್ಪಿದವರು ನಲವತ್ತೆರಡು ಹುಡುಗರು. ಹದಿನೇಳನೆಯ ದೀಪ ಹಳಿಯಾಳದ ವಿಠಲನದು.

ವಿಠಲನ ಜೋಡಿಪಟ್ಟಿ ಇದ್ದದ್ದು ಅವನ ಅಪ್ಪ ಫಕೀರಪ್ಪನ ಕೈಯಲ್ಲಿ.

ಫಕೀರಪ್ಪ ಎಂದರೆ ಹಳಿಯಾಳದಲ್ಲಿ ಯಾರಿಗೂ ಗೊತ್ತಾಗಲಿಕ್ಕಿಲ್ಲ, ವಸ್ತಾದ ಎನ್ನಬೇಕು. ಅರವತ್ತೊಂದು ವಯಸ್ಸು. ಗರಡಿ ಮನೆಯಲ್ಲಿ ನಾಲ್ಕು ದಶಕ ಹುಡುಗರನ್ನು ಕುಸ್ತಿಗೆ ತಯಾರು ಮಾಡಿದವನು. ಅವನ ಗರಡಿಯಲ್ಲಿ ಎರಡು ಪಾಠಗಳು ಎಲ್ಲಕ್ಕಿಂತ ಮೊದಲು. ಎದುರಿಗಿದ್ದವನಿಗೆ ನಿನ್ನ ಉಸಿರು ಕಾಣಬಾರದು, ದಣಿದದ್ದು ಅವನಿಗೆ ತಿಳಿದರೆ ನೀನು ಬಿದ್ದೆ. ಇದು ಮೊದಲನೆಯದು. ಪೈಲ್ವಾನನ ಶಕ್ತಿ ಎಲ್ಲ ವೀರ್ಯದಲ್ಲಿದೆ, ಅದನ್ನು ಕಾಯ್ದುಕೊಂಡವನೇ ಗಂಡಸು. ಇದು ಎರಡನೆಯದು. ವಿಠಲ ಹತ್ತು ವರ್ಷದವನಿದ್ದಾಗಿನಿಂದ ಎರಡನ್ನೂ ಕೇಳುತ್ತ ಬೆಳೆದಿದ್ದ. ಇಪ್ಪತ್ತಮೂರಕ್ಕೆ ಜಿಲ್ಲೆಯಲ್ಲೇ ಅವನನ್ನು ಎತ್ತಿ ಹಾಕುವವರು ಇರಲಿಲ್ಲ. ಆ ವರ್ಷದ ಜುಲೈನಲ್ಲಿ ಅವನ ಎಡಗಡೆಯದನ್ನು ತೆಗೆದರು.

ಕಿಮೋ ಶುರುವಾಗುವ ಮುಂಚೆ ವೀರ್ಯವನ್ನು ಕಾಯ್ದಿರಿಸುವುದು ಒಳ್ಳೆಯದು, ಮುಂದೆ ಮಕ್ಕಳು ಬೇಕೆನ್ನಿಸಿದಾಗ ಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ವಿಠಲ ಒಂದು ಸಣ್ಣ ಕೋಣೆಗೆ ಹೋದ. ಫಕೀರಪ್ಪ ಹೊರಗೆ ಫೈಲು ಹಿಡಿದುಕೊಂಡು ಗೋಡೆ ನೋಡುತ್ತ ಕುಳಿತ. ನಲವತ್ತು ನಿಮಿಷದ ಮೇಲೆ ಹೊರಗೆ ಬಂದ ಮಗ "ಆತು" ಎಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕ್ಯಾಂಟೀನಿಗೆ ಹೋಗಿ ಇಡ್ಲಿ ತಿಂದರು. ಆ ದಿನ ಏನಾದರೂ ಒಂದು ಮಾತು ಆಡಬೇಕಿತ್ತು ಎಂದು ಫಕೀರಪ್ಪನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಯಾವ ಮಾತು ಎನ್ನುವುದು ಮಾತ್ರ ಇವತ್ತಿಗೂ ಹೊಳೆದಿಲ್ಲ.

ನವೆಂಬರಿನಲ್ಲಿ ಪಟ್ಟಿ ಕಟ್ಟುವಾಗ "ಜೋಡಿ ಯಾರ ಕೈಗೆ?" ಎಂದು ಕೇಳಿದರು.

"ಅಪ್ಪಗ ಕಟ್ರಿ," ಎಂದಿದ್ದ ವಿಠಲ. "ಅವ್ವಗ ಕಟ್ಟಿದ್ರ ಅತ್ತು ಅತ್ತು ಸಾಯ್ತಾಳ."

ಮರುದಿನ ಬೆಳಿಗ್ಗೆ ಫಕೀರಪ್ಪ ಗರಡಿಯ ಕಣದ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಕಲಸುತ್ತಿದ್ದ. ಇದ್ದಕ್ಕಿದ್ದಂತೆ ಮಣಿಕಟ್ಟಿನಲ್ಲಿ ಏನೋ ಬಡಿದುಕೊಳ್ಳತೊಡಗಿತು. ಹಿಡಿದ ಗುಬ್ಬಿ ಅಂಗೈಯಲ್ಲಿ ಬಡಿದುಕೊಳ್ಳುವ ಹಾಗೆ. ಅದು ಮಗನ ನಾಡಿ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಮಣ್ಣುಗೈಯಲ್ಲೇ ಮನೆಗೆ ಓಡಿದ. ವಿಠಲ ಅವನ ಅವ್ವ ಬಾಳವ್ವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದ.

"ಏನಾತೋ?"

"ಏನಾಗೇತಿ? ಏನಿಲ್ಲ. ಆರಾಮ ಅದೀನಿ."

ಹಾಗೆ ಹೇಳುತ್ತ ಇನ್ನೊಂದು ಶೇಂಗಾ ಒಡೆದು ಬಾಯಿಗೆ ಹಾಕಿಕೊಂಡ. ಫಕೀರಪ್ಪನ ಕೈಯಲ್ಲಿ ನಾಡಿ ಬಡಿದುಕೊಳ್ಳುತ್ತಲೇ ಇತ್ತು. ಎದುರಿಗೆ ಮಗನ ಮುಖ ಕಲ್ಲಿನಂತೆ ನಿಶ್ಚಿಂತವಾಗಿತ್ತು. ಇಂಥ ವಿಚಿತ್ರವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಆಮೇಲೆ ಅದು ದಿನಕ್ಕೆ ಐದಾರು ಸಲ ಬರತೊಡಗಿತು. ಊಟದ ಹೊತ್ತಿಗೆ, ಯಾರಾದರೂ ಮದುವೆಯ ಮಾತೆತ್ತಿದಾಗ, ಸ್ನಾನಕ್ಕೆ ಹೋದಾಗ. ಅವನಿಗೆ ಗೊತ್ತುಮಾಡಿದ್ದ ಕಲಘಟಗಿಯ ಹೆಣ್ಣಿನ ಕಡೆಯವರು "ಮುಂದಿನ ವರ್ಷ ನೋಡೂಣ್ರಿ" ಎಂದು ಹೇಳಿಕಳಿಸಿದ ದಿನ ಒಂದೂವರೆ ತಾಸು ಬಿಡಲಿಲ್ಲ. ಬಂದಾಗಲೆಲ್ಲ ಫಕೀರಪ್ಪ ಓಡಿ ಹೋಗಿ ಮಗನ ಎದುರು ನಿಲ್ಲುತ್ತಿದ್ದ, ಏನಾತು ಎನ್ನುತ್ತಿದ್ದ, ಏನಿಲ್ಲ ಎಂಬ ಉತ್ತರ ತೆಗೆದುಕೊಂಡು ತಿರುಗಿ ಬರುತ್ತಿದ್ದ. ಕ್ವಿಂಟಲ್ ತೂಕದ ಪೈಲ್ವಾನರನ್ನು ಬೆನ್ನ ಮೇಲೆ ಕೆಡವಿದ ಕೈಗೆ ಹಿಡಿಯಲು ಇಲ್ಲಿ ಏನೂ ಸಿಗುತ್ತಿರಲಿಲ್ಲ. ಅವನಿಗೆ ಅದನ್ನು ತಾಳಿಕೊಳ್ಳಲಾಗಲಿಲ್ಲ. ಅದೊಂದೇ ನಿಜ, ಉಳಿದ ಕಾರಣಗಳನ್ನೆಲ್ಲ ಅವನು ಆಮೇಲೆ ಹುಡುಕಿಕೊಂಡ.

ತಾಳಿಕೊಳ್ಳಲಾಗದವನು ತನಗೆ ಗೊತ್ತಿದ್ದನ್ನು ಮಾಡಿದ.

"ಆ ಪಟ್ಟಿ ನಿನ್ನ ಎದುರಿಗೆ ನಿಂತ ಪೈಲ್ವಾನ ಅಂತ ತಿಳಿ," ಎಂದು ಒಂದು ಬೆಳಿಗ್ಗೆ ಮಗನನ್ನು ಎದುರಿಗೆ ಕೂರಿಸಿಕೊಂಡ. "ಅದಕ್ಕ ನಿನ್ನ ಉಸಿರು ಕಾಣಬಾರದು. ನಾಕ ಎಣಿಸಿ ಎಳಕೋ. ನಾಕ ಎಣಿಸಿ ಹಿಡಿ. ಎಂಟ ಎಣಿಸಿ ಬಿಡು. ನಾಲಗಿ ಬಾಯಿ ಅಂಗಳಕ್ಕ ಹಚ್ಚು. ಕಣ್ಣು ಒಂದ ಕಡೆ ಇಡು. ಒಳಗ ಏನರ ಆಗಲಿ, ಹೊರಗ ಬರಬಾರದು."

"ಬರಂಗಿಲ್ಲ ತಗೋ," ಎಂದ ವಿಠಲ. ಅಪ್ಪ ಹೇಳಿದ್ದನ್ನು ಕಲಿಯುವುದರಲ್ಲಿ ಅವನು ಎಂದೂ ಹಿಂದೆ ಬಿದ್ದವನಲ್ಲ.

ಉಸಿರು ಹಿಡಿತಕ್ಕೆ ಸಿಕ್ಕಂತೆ ನಾಡಿಯೂ ಬೆವರೂ ಹಿಡಿತಕ್ಕೆ ಬಂದವು, ಹನ್ನೆರಡು ದಿನಕ್ಕೆ ಪಟ್ಟಿ ಸುಮ್ಮನಾಯಿತು. ಹದಿಮೂರನೇ ದಿನ ಫಕೀರಪ್ಪ ಗರಡಿಯ ಹುಡುಗರಿಗೆಲ್ಲ ಧಾರವಾಡ ಪೇಡೆ ಹಂಚಿದ.

ಇಷ್ಟಕ್ಕೇ ನಿಂತಿದ್ದರೆ ಒಂದು ಮನೆಯ ತಪ್ಪಾಗಿ ಉಳಿಯುತ್ತಿತ್ತು. ಆದರೆ ಪಟ್ಟಿ ಕಟ್ಟಿಕೊಂಡವರ ಶನಿವಾರದ ಸಭೆಯಲ್ಲಿ ಬೇರೆ ಹುಡುಗರ ತಂದೆಯಂದಿರು ಅವನನ್ನು ಸುತ್ತುವರಿದರು. ಅವರೂ ಹಗಲೆಲ್ಲ ಮಣಿಕಟ್ಟಿನ ಬಡಿತಕ್ಕೆ ಬೆಚ್ಚಿ ಬೆಚ್ಚಿ ಸೋತಿದ್ದವರೇ. "ವಸ್ತಾದ್ರ, ನಮ್ಮ ಹುಡುಗಗೂ ಒಂದೀಟು ಹೇಳಿಕೊಡ್ರಿ" ಎಂದರು. ಆಸ್ಪತ್ರೆಯ ತಾರಸಿಯ ಮೇಲೆ ಹತ್ತೊಂಬತ್ತು ಹುಡುಗರನ್ನು ಸಾಲಾಗಿ ಕೂರಿಸಿ ವಸ್ತಾದ ಉಸಿರು ಕಟ್ಟುವುದನ್ನು ಕಲಿಸಿದ. ಎರಡನೇ ಮಹಡಿಯ ಗೋಡೆ ಹಸಿರಾಗುತ್ತ ಬಂತು. ಡಾಕ್ಟರ್ ಗಂಗಾಂಬಿಕಾರಿಗೇ ಕಣ್ಣು ತುಂಬಿ ಬಂತು. ವಸ್ತಾದನಿಗೆ ಶಾಲು ಹೊದಿಸಿ ಫೋಟೋ ತೆಗೆಸಿದರು. ಫೋಟೋ ಪೇಪರಿನಲ್ಲೂ ಬಂತು. ಬಾಳವ್ವ ಅದನ್ನು ಕತ್ತರಿಸಿ ದೇವರ ಜಗಲಿಯ ಪಕ್ಕದಲ್ಲಿ ಅಂಟಿಸಿದಳು.

ಜನವರಿಯ ಸ್ಕ್ಯಾನಿಗೆ ಫಕೀರಪ್ಪ ಜೊತೆಗೆ ಹೋಗಿದ್ದ, ಎಲ್ಲ ಸರಿಯಾಗಿತ್ತು. ಮೇ ತಿಂಗಳಿನದಕ್ಕೆ ವಿಠಲ "ನೀ ಯಾಕ ಬರ್ತಿ, ನಾ ಹೋಗಿ ಬರ್ತೀನಿ" ಎಂದ. ಪಟ್ಟಿ ಸುಮ್ಮನಿತ್ತು. ಅಂಜದ ಮಗನಿಗೆ ಅಪ್ಪನ ಕಾವಲು ಯಾಕೆ ಎಂದು ಫಕೀರಪ್ಪ ಒಪ್ಪಿದ. ಬಾಳವ್ವ ಬುತ್ತಿ ಕಟ್ಟಿ ಕೊಟ್ಟಳು. ಸಂಜೆ ತಿರುಗಿ ಬಂದು "ಎಲ್ಲಾ ಆರಾಮ ಐತಿ ಅಂದ್ರು" ಎಂದ. ಸೆಪ್ಟೆಂಬರಿನಲ್ಲೂ ಹಾಗೆಯೇ ಹೇಳಿದ.

ಅಕ್ಟೋಬರಿನ ಮೊದಲ ವಾರ ಹುಬ್ಬಳ್ಳಿಯಿಂದ ನಸೀಮಾ ಕಿತ್ತೂರ ಫೋನು ಮಾಡಿದಳು. ದೀಪದ ಗೋಡೆಯನ್ನು ನೋಡಿಕೊಳ್ಳುವವಳು ಅವಳೇ. ಮೊದಲು ಇಸಿಜಿ ಕೋಣೆಯಲ್ಲಿ ಆರು ವರ್ಷ ಜನರ ಎದೆಯ ಗೆರೆಗಳನ್ನು ತೆಗೆದವಳು. "ಕಾಕಾ, ಒಬ್ಬರೇ ಬರ್ರಿ," ಎಂದಳು.

ಗೋಡೆಯ ತುಂಬ ಹಸಿರು. ನಸೀಮಾ ಅದರ ಕಡೆ ನೋಡಲೇ ಇಲ್ಲ. ಪರದೆಯ ಮೇಲೆ, ಬಡಿತಗಳ ನಡುವಿನ ಅಂತರ ತೋರಿಸುವ ಎರಡು ಗೆರೆಗಳನ್ನು ತೆರೆದಳು.

"ಈ ಮ್ಯಾಲಿನ ಗೆರಿ ನನ್ನ ಮಗಳದು. ಮೂರು ತಿಂಗಳ ಕೂಸು, ನಿದ್ದಿ ಮಾಡುವಾಗ ತಗದೇನಿ. ನೋಡ್ರಿ, ಇದರಾಗೂ ಒಂದೀಟು ಏರತೈತಿ, ಇಳೀತೈತಿ. ಕೂಸಿಗೆ ಏನ್ ಚಿಂತಿ ಇರತೈತಿ? ಆದ್ರೂ ಏರಿಳಿತ ಐತಿ, ಜೀವಂತ ಐತಿ ನೋಡ್ರಿ ಅದಕ್ಕ. ಈ ಕೆಳಗಿಂದು ನಿಮ್ಮ ವಿಠಲಂದು. ಕಲಘಟಗಿ ಹುಡುಗಿ ಲಗ್ನ ಬ್ಯಾರೇ ಕಡೆ ಆದ ದಿನದ್ದು."

ಕೆಳಗಿನ ಗೆರೆ ಅಳತೆಪಟ್ಟಿ ಇಟ್ಟು ಎಳೆದಂತೆ ನೆಟ್ಟಗಿತ್ತು.

"ಛಲೋ ಅಲ್ಲೇನವಾ ಅದು?" ಎಂದ ಫಕೀರಪ್ಪ. ಕೇಳುವಾಗಲೇ ಅವನಿಗೆ ಉತ್ತರ ಬೇಡವಾಗಿತ್ತು.

"ಕಾಕಾ, ನಾವು ಏನ್ ಮಾಡ್ತಿದ್ವಿ ಗೊತ್ತೇನ್ರಿ? ಸ್ಕ್ಯಾನ್ ಹತ್ರ ಬಂದಾಗ ಯಾರ ದೀಪ ಕೆಂಪ ಆಗತಿತ್ತೋ ಅವರಿಗೆ ನಾನ ಫೋನ್ ಮಾಡ್ತಿದ್ದೆ. ಬಸ್ ಸ್ಟ್ಯಾಂಡಿಗೆ ಹೋಗಿ ಕೈ ಹಿಡಕೊಂಡು ಕರಕೊಂಡು ಬಂದೇನಿ ಎಷ್ಟೋ ಮಂದೀನ. ಹಸರ ಇದ್ದವರಿಗೆ ಫೋನ್ ಮಾಡಂಗಿಲ್ಲ. ಅವರು ತಾವ ಬರ್ತಾರ ಅಂತ." ಅವಳು ಒಂದು ಹಾಳೆ ಮುಂದಿಟ್ಟಳು. "ನೀವು ಕಲಿಸಿದವರೊಳಗ ಏಳು ಮಂದಿ ಸ್ಕ್ಯಾನಿಗೆ ಬಂದಿಲ್ಲ. ವಿಠಲ ಎರಡು ಸಲ ಬಂದಿಲ್ಲ. ಜನವರಿ ಆದಮ್ಯಾಲೆ ನಾವು ಅಂವನ್ನ ನೋಡೇ ಇಲ್ಲ."

"ಬಂದಿದ್ದನವಾ. ಅವ್ವ ಬುತ್ತಿ ಕಟ್ಟಿ ಕಳಿಸ್ಯಾಳ," ಎಂದ ಫಕೀರಪ್ಪ. ಎದೆಯೊಳಗೆ ಏನೋ ಕುಸಿಯಿತು. ಆಗಲೂ ಅವನ ಉಸಿರು ನಾಲ್ಕು ಎಣಿಸಿ ಒಳಗೆ ಹೋಗಿ, ಎಂಟು ಎಣಿಸಿ ಹೊರಗೆ ಬಂತು.

ಮನೆಯಲ್ಲಿ ಮಗನನ್ನು ಕೇಳಿದಾಗ ವಿಠಲ ಸುಳ್ಳು ಹೇಳಲಿಲ್ಲ.

"ದಾರ್ಯಾಗ ಬಸ್ಸಿಂದ ಕೆಲಗೇರಿ ಕೆರಿ ಹತ್ರ ಇಳಕೊಂಡೆ. ದಂಡಿಗೆ ಕುಂತಿದ್ದೆ. ಬುತ್ತಿ ಅಲ್ಲೇ ಉಂಡೆ."

"ಎರಡೂ ಸಲ?"

"ಹೂಂ."

"ಯಾಕೋ ತಮ್ಮಾ? ನನಗರ ಹೇಳಬಾರದೇನು?"

ವಿಠಲ ಅಪ್ಪನನ್ನು ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಫಕೀರಪ್ಪನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ತೋರಸಬ್ಯಾಡ ಅಂದಿ. ತೋರಸಲಿಲ್ಲ," ಎಂದ.

ಮರುದಿನ ಫಕೀರಪ್ಪ ಮಗನ ರಟ್ಟೆ ಹಿಡಿದುಕೊಂಡೇ ಹುಬ್ಬಳ್ಳಿಗೆ ಹೋಗಿ ರಕ್ತ ಕೊಡಿಸಿದ. ಸೋಮವಾರ ವರದಿ ಬಂತು. ಗಡ್ಡೆ ಬೆಳೆಯುವಾಗ ರಕ್ತದಲ್ಲಿ ಏರುವ ಅಂಶವೊಂದು ಇರುತ್ತದಂತೆ. ಅದು ಏರಿತ್ತು. ಕಾಯಿಲೆ ಎಲ್ಲಿ, ಎಷ್ಟು ಹಬ್ಬಿದೆ ಎಂದು ಸ್ಕ್ಯಾನ್ ಮಾಡಿಯೇ ನೋಡಬೇಕು, ಮತ್ತೆ ಕಿಮೋ ಕೊಡಬೇಕಾದೀತು, ಈಗಲೂ ಕೈ ಮೀರಿಲ್ಲ, ಆದರೆ ತಡಮಾಡಬಾರದು ಎಂದರು ಗಂಗಾಂಬಿಕಾ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಬರಹೇಳಿದರು. ಹೇಳುವಾಗ ಅವರೂ ವಸ್ತಾದನ ಮುಖ ನೋಡಲಿಲ್ಲ. ಶಾಲು ಹೊದಿಸಿದವರು ಅವರೇ ಅಲ್ಲವೇ.

"ನಾ ಒಲ್ಲೆ," ಎಂದ ವಿಠಲ ಮನೆಗೆ ಬಂದು. "ಇನ್ನೊಮ್ಮೆ ನನಗ ಆಗಂಗಿಲ್ಲ. ಏನ್ ಐತಿ ನನ್ನ ಕಡೆ ಇನ್ನ? ಶಕ್ತಿ ಅಲ್ಲೇ ಐತಿ ಅಂತ ನೀನ ಹೇಳತಿದ್ದಿ. ಅದನ್ನ ತಗದು ಒಗದಾರ. ಉಳದದ್ದು ಇದ್ದರೆಷ್ಟು, ಹೋದರೆಷ್ಟು?"

ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಬಾಳವ್ವ ಗಂಗಾಳದಲ್ಲಿ ಊಟ ಇಟ್ಟು ಬಂದಳು, ಊಟ ಹಾಗೆಯೇ ಇತ್ತು. ಫಕೀರಪ್ಪ ಬಾಗಿಲಲ್ಲಿ ನಿಂತು ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. ಒಮ್ಮೆಯಾದರೂ ಬಡಿಯಲಿ ಎಂದು ದೇವರನ್ನು ಬೇಡಿಕೊಂಡ. ಮಗ ಎದುರಿಗೇ ಮುಳುಗುತ್ತಿದ್ದ, ಪಟ್ಟಿ ತಣ್ಣಗಿತ್ತು. ಯಾವ ಬಡಿತ ನಿಲ್ಲಲಿ ಎಂದು ಹೋದ ವರ್ಷ ಹಂಬಲಿಸಿದ್ದನೋ ಅದೇ ಬಡಿತಕ್ಕಾಗಿ ಈಗ ಕಾಯುತ್ತಿದ್ದ.

ಮಂಗಳವಾರ ಒಬ್ಬನೇ ಹುಬ್ಬಳ್ಳಿಗೆ ಹೋಗಿ ನಸೀಮಾಳ ಎದುರು ನಿಂತ.

"ಇದನ್ನ ತಿರುವಿ ಹಾಕಾಕ ಬರತೈತೇನವಾ? ಅಂವಂದು ನನಗ ಬರೂದು ಬ್ಯಾಡ. ನಂದು ಅಂವಗ ಹೋಗಲಿ."

ನಸೀಮಾ ಅವನ ಕೈಯ ಪಟ್ಟಿಯನ್ನು ತಿರುಗಿಸಿ ನೋಡಿದಳು. "ಬರತೈತ್ರಿ. ಎರಡೂ ಒಂದ ನಮೂನಿ ಅದಾವು, ಇಲ್ಲಿಂದ ಬದಲಿ ಮಾಡಿದ್ರಾತು. ಆದ್ರ ಕಾಕಾ, ಆಮ್ಯಾಲೆ ಅಂವಗ ಏನಾದ್ರೂ ನಿಮ್ಮ ಕೈಗೆ ತಿಳಿಯಂಗಿಲ್ಲ ನೋಡ್ರಿ."

"ಈಗರ ಏನ್ ತಿಳೀತೈತಿ?"

ಅವಳು ಅವನನ್ನು ಕುರ್ಚಿಯಲ್ಲಿ ಕೂರಿಸಿ ಹದಿನೇಳನೆಯ ದೀಪವನ್ನು ಅವನ ಪಟ್ಟಿಗೆ ಸೇರಿಸಿದಳು. ದೀಪ ಹಸಿರಾಗಿ ಹೊತ್ತಿತು. "ಈಗ ವಿಠಲನ ನೆನಸ್ಕೋರಿ," ಎಂದಳು. ಫಕೀರಪ್ಪ ನೆನೆದ. ಗೋಡೆಯ ಕಡೆ ತಿರುಗಿದ ಆ ಬೆನ್ನನ್ನು ನೆನೆದ. ರಕ್ತದ ವರದಿಯನ್ನು ನೆನೆದ. ಸುಡುಗಾಡನ್ನೂ ನೆನೆದ, ಅದಕ್ಕಿಂತ ಮುಂದೆ ಒಬ್ಬ ಅಪ್ಪ ನೆನೆಯಲಾರ. ದೀಪ ಹಸಿರಾಗಿಯೇ ಇತ್ತು.

"ಇನ್ನೊಮ್ಮೆ ನೋಡೂಣ್ರಿ," ಎಂದಳು ನಸೀಮಾ.

ಇನ್ನೊಮ್ಮೆ ನೋಡಿದರು. ಮತ್ತೊಮ್ಮೆ ನೋಡಿದರು. ಐವತ್ತು ವರ್ಷ ಕಟ್ಟಿದ ಉಸಿರು ಯಜಮಾನ ಬೇಡವೆಂದರೂ ತನ್ನ ಕೆಲಸವನ್ನು ತಾನು ಮಾಡುತ್ತಿತ್ತು. ಫಕೀರಪ್ಪ ಆ ಹಸಿರು ದೀಪವನ್ನೇ ನೋಡುತ್ತ, "ನನಗೂ ಬರವಲ್ದಲ್ಲವಾ," ಎಂದ. ನಸೀಮಾ ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

ಆದರೂ ತಿರುವಿಸಿಕೊಂಡೇ ಬಂದ. ಸ್ಕ್ಯಾನಿನ ಹಿಂದಿನ ದಿನ, ಬುಧವಾರ ಬೆಳಿಗ್ಗೆ, ವಿಠಲನಿಗೆ ವಿಷಯ ಹೇಳಿದ. "ಪಟ್ಟಿ ತಿರುವಿಸೇನಿ. ಇನ್ನ ನಂದು ನಿನಗ ಬರತೈತಿ."

ವಿಠಲ ಮಗ್ಗುಲಾಗಿ ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಿದ. ಅವನಿಗೂ ಒಂದಿಷ್ಟು ಆಸೆ ಹುಟ್ಟಿತ್ತೋ ಏನೋ. ಮಧ್ಯಾಹ್ನದವರೆಗೂ ಆಗಾಗ ಮಣಿಕಟ್ಟಿನ ಕಡೆ ಅವನ ಕಣ್ಣು ಹೋಗುತ್ತಿತ್ತು. ಫಕೀರಪ್ಪ ಗರಡಿಗೆ ಹೋಗಿ ಸಲಿಕೆ ಹಿಡಿದು ಕಣವನ್ನೆಲ್ಲ ಅಗೆದ. ತಪ್ಪು ತಪ್ಪಾಗಿ ಉಸಿರಾಡಲು ನೋಡಿದ. ತಾನೇ ಹುಡುಗರ ಬೆನ್ನಿಗೆ ಗುದ್ದಿ ಬಿಡಿಸಿದ ತಪ್ಪುಗಳು ಅವು, ಒಂದೂ ಅವನಿಗೆ ಬರಲಿಲ್ಲ. ಬೆವರು ಬಂತು, ಅದು ಬರೀ ದುಡಿದ ಬೆವರು. ಊಟಕ್ಕೆ ಮನೆಗೆ ಬಂದಾಗ ವಿಠಲ ಹೇಳಿದ.

"ಬಿಡಪಾ. ನಿನಗ ಅಂಜಿಕಿ ಇಲ್ಲ."

ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಇವತ್ತು ಬಿಸಿಲಿಲ್ಲ ಎನ್ನುವ ಹಾಗೆ ಹೇಳಿದ. ಮತ್ತೆ ಗೋಡೆಯ ಕಡೆ ತಿರುಗಿದ.

ಫಕೀರಪ್ಪ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕುಳಿತ. ಬಾಳವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಈ ಹದಿನೈದು ತಿಂಗಳಲ್ಲಿ ಅಪ್ಪ ಮಗ ಇಬ್ಬರೂ ಅವಳಿಗೆ ಹೇಳಿದ್ದು ಆರಾಮ ಎನ್ನುವ ಒಂದೇ ಮಾತು. ಅವಳೂ ಅದನ್ನು ನಂಬಿದಂತೆ ಮಾಡಿಕೊಂಡು ಬಂದಿದ್ದಳು.

"ಆಪರೇಶನ್ ದಿನ ನೀವು ಆಸ್ಪತ್ರಿ ಹಿಂದಿನ ನಳದ ಹತ್ರ ಕುಂತಿದ್ರಿ," ಎಂದಳು. "ಬಾಯಾಗ ಟಾವೆಲ್ ಇಟಗೊಂಡು ಅಳಾಕತ್ತಿದ್ರಿ. ನಾ ನೋಡೇನಿ."

ಫಕೀರಪ್ಪ ತಲೆ ಎತ್ತಿದ. "ಎಂದೂ ಹೇಳಲಿಲ್ಲಲ್ಲ ನೀ."

"ನೀವು ಹೇಳಿದ್ರೇನು? ಆ ಪಟ್ಟಿ ನನ್ನ ಕೈಯಾಗ ಇದ್ದಿದ್ರ ನಾ ಅಂವನ ಬಾಜೂಕ ಕುಂತು ಅಳತಿದ್ದೆ. ಮತ್ತೇನೂ ಮಾಡಾಕ ನನಗ ಬರತಿದ್ದಿಲ್ಲ. ಅಷ್ಟ ಸಾಕಾಗತಿತ್ತೋ ಏನೋ." ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಹಿಟ್ಟಿಗೆ ಕೈ ಹಾಕಿದಳು. "ಹೋಗ್ರಿ. ನಳದ ಹತ್ರ ಕುಂತಿದ್ದು ಅಂವಗ ಹೇಳ್ರಿ."

ಫಕೀರಪ್ಪ ಹೋಗಿ ಮಗನ ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತ. ಕುಸ್ತಿಯಲ್ಲಿ ಎದುರಾಳಿಯ ಕೈ ಹಿಡಿಯುವ ಮುಂಚೆ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾರೆ. ಅವನ ಕೈ ತಾನಾಗಿಯೇ ನೆಲವನ್ನು ಮುಟ್ಟಿತು. ಅಲ್ಲಿ ಮಣ್ಣಿರಲಿಲ್ಲ, ಹೆಂಚಿನ ಬಣ್ಣದ ಟೈಲ್ಸ್ ಇತ್ತು.

"ವಿಠಲಾ. ಅವತ್ತ ನಿನ್ನ ಒಳಗ ಒಯ್ದರಲ್ಲ, ನಾ ಹೊರಗ ಆರಾಮ ಇದ್ದಿಲ್ಲ. ಹಿಂದ ಹೋಗಿ ಕುಂತಿದ್ದೆ. ವಾಂತಿ ಮಾಡಿಕೊಂಡೆ. ಬಾಯಾಗ ಟಾವೆಲ್ ತುರುಕ್ಕೊಂಡು ಅತ್ತೆ. ನೀ ಹೊರಗ ಬಂದಾಗ ಮುಖ ತೊಳಕೊಂಡು ನಿಂತೆ."

ಬೆನ್ನು ಅಲುಗಾಡಲಿಲ್ಲ.

"ಆ ಇನ್ನೊಂದು ಮಾತು, ಶಕ್ತಿ ಅಲ್ಲೇ ಐತಿ ಅಂದಿದ್ದು. ನನಗ ನನ್ನ ವಸ್ತಾದ ಹೇಳಿದ್ದ, ನಾ ನಿನಗ ಹೇಳಿದೆ. ಖರೇನೋ ಸುಳ್ಳೋ ಅಂತ ಒಂದಿನ ವಿಚಾರ ಮಾಡಲಿಲ್ಲ. ಡಾಕ್ಟರು ಸುಳ್ಳು ಅಂದ್ರು. ಸುಳ್ಳ ಇರಬೇಕು. ಹದಿಮೂರು ವರ್ಷ ನಿನ್ನ ತಲ್ಯಾಗ ಸುಳ್ಳು ತುಂಬಿದೆ. ಮತ್ತ ಆ ಪಟ್ಟಿ. ಅದು ನಿನ್ನ ಸಲುವಾಗಿ ಅಲ್ಲೋ ತಮ್ಮಾ. ನಿನ್ನ ನಾಡಿ ನನ್ನ ಕೈಯಾಗ ಹೊಡಕೊಳ್ಳೂದು ನನಗ ತಡಕೊಳ್ಳಾಕ ಆಗಲಿಲ್ಲ. ಅದಕ್ಕ ನಿನಗ ಬಾಯಿ ಕಟ್ಟೂದು ಕಲಿಸಿದೆ. ಈಗ ನಿನಗ..." ಮುಂದಿನ ಮಾತು ಹೊರಡಲಿಲ್ಲ. ರೂಢಿಯಂತೆ ಅವನ ಎದೆ ನಾಲ್ಕು ಎಣಿಸಲು ಹೊರಟಿತು. ಒಂದು, ಎರಡು. ಮೂರಕ್ಕೆ ಅವನು ಎಣಿಸುವುದನ್ನು ಬಿಟ್ಟುಬಿಟ್ಟ. ಒಳಗಿನಿಂದ ಒಂದು ಕೆಟ್ಟ ಸದ್ದು ಬಂತು, ಅದು ತನ್ನದೆಂದು ಅವನಿಗೇ ಗುರುತು ಸಿಗಲಿಲ್ಲ.

ವಿಠಲ ತಟ್ಟನೆ ಎದ್ದು ಕುಳಿತ. ಬಲಗೈಯಿಂದ ಎಡ ಮಣಿಕಟ್ಟನ್ನು ಹಿಡಿದುಕೊಂಡು ಅದನ್ನೇ ನೋಡುತ್ತಿದ್ದ.

"ಅಪ್ಪಾ, ಇದು ನಿಂದೇನು?"

"ನಂದ."

"ಇಷ್ಟು ಜೋರ ಹೊಡಕೊಳ್ಳಾಕತ್ತೈತಿ."

"ಹೌದಪಾ. ಮೊದಲಿಂದಾನೂ ಹಿಂಗ ಹೊಡಕೋತಿತ್ತು."

ಮಗನ ಮನಸ್ಸಿನಲ್ಲಿ ಈಗ ಏನಿದೆ ಎಂದು ಫಕೀರಪ್ಪನ ಕೈಗೆ ತಿಳಿಯುವಂತಿರಲಿಲ್ಲ. ಮುಖ ನೋಡಿಯೇ ತಿಳಿಯಬೇಕಿತ್ತು. ಅವನು ನೋಡಿದ. ಹದಿನೈದು ತಿಂಗಳಲ್ಲಿ ಮಗ ಎಷ್ಟು ಸೊರಗಿದ್ದಾನೆ, ಕಣ್ಣಿನ ಕೆಳಗೆ ಎಷ್ಟು ಕಪ್ಪಾಗಿದೆ ಎನ್ನುವುದು ಆಗ ಅವನಿಗೆ ಕಾಣಿಸಿತು. ವಿಠಲ 'ಬರುತ್ತೇನೆ' ಎಂದು ಹೇಳಲಿಲ್ಲ. ಆದರೆ ಗುರುವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ತಾನೇ ಬಂದು ನಿಂತ. ಕೆಲಗೇರಿ ಬಂದಾಗ ಇಬ್ಬರೂ ಕಿಟಕಿಯ ಹೊರಗೆ ನೋಡಿದರು. ಬಸ್ಸು ನಿಂತು, ಯಾರೋ ಇಳಿದು, ಮುಂದೆ ಹೋಯಿತು.

ಮಣಿಕಟ್ಟಿನ ಪಟ್ಟಿ ಈ ಸ್ಕ್ಯಾನಿಗೆ ಅಡ್ಡ ಬರುವುದಿಲ್ಲ, ಒಳಗೆ ಕಟ್ಟಿಕೊಂಡೇ ಹೋಗಲಿ ಎಂದು ನಸೀಮಾ ಸ್ಕ್ಯಾನ್ ಕೋಣೆಯವರಿಗೆ ಮೊದಲೇ ಹೇಳಿಟ್ಟಿದ್ದಳು. ವಿಠಲನ ಹೆಸರು ಕರೆದರು. ಅವನು ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಒಳಗೆ ಹೋದ. ಬಾಗಿಲು ಮುಚ್ಚಿತು, ಮೇಲಿನ ಕೆಂಪು ಬಲ್ಬು ಹೊತ್ತಿತು.

ಫಕೀರಪ್ಪ ಬೆಂಚಿನ ಮೇಲೆ ಕುಳಿತ. ಮಾಡುವುದು ಏನೂ ಇರಲಿಲ್ಲ. ಆ ಬಾಗಿಲ ಹಿಂದೆ ಇರುವುದನ್ನು ಯಾವ ಪಟ್ಟು ಹಾಕಿಯೂ ಕೆಡವಲಾಗುತ್ತಿರಲಿಲ್ಲ. ಅವನಿಂದ ಆಗುವ ಕೆಲಸ ಒಂದೇ ಇತ್ತು, ಉಸಿರನ್ನು ಕಟ್ಟದೆ ಇರುವುದು. ಅವನು ಅದನ್ನು ಮಾಡಿದ. ಉಸಿರು ಬೇಕಾದಂತೆ ಬಂತು, ಬೇಕಾದಂತೆ ಹೋಯಿತು. ಎದೆ ಕುಪ್ಪಳಿಸಿತು, ಮೂಗು ಸೋರಿತು. ಪಕ್ಕದಲ್ಲಿ ಕುಳಿತಿದ್ದವರು ಪೇಪರಿನಲ್ಲಿ ಫೋಟೋ ಬಂದ ವಸ್ತಾದನನ್ನು ಗುರುತಿಸಿ ಒಬ್ಬರ ಮುಖ ಒಬ್ಬರು ನೋಡಿದರು. ನಸೀಮಾ ಎರಡನೇ ಮಹಡಿಯಿಂದ ಇಳಿದು ಬಂದಳು.

"ಕಾಕಾ, ಮ್ಯಾಲೆ ಹದಿನೇಳನೇ ದೀಪ ಕೆಂಪ ಆಗೇತಿ."

"ಇರಲಿ ಬಿಡವಾ. ಆರಸಬ್ಯಾಡ."

"ಆರಸಂಗಿಲ್ರಿ," ಎಂದು ಅವಳು ಸ್ವಲ್ಪ ಹೊತ್ತು ಹತ್ತಿರವೇ ನಿಂತು, ಮತ್ತೆ ಮೇಲೆ ಹೋದಳು. ಸ್ಕ್ಯಾನ್ ತಪ್ಪಿಸಿದ ಉಳಿದ ಆರು ಹುಡುಗರಿಗೆ ಫೋನು ಮಾಡುವುದಿತ್ತು. ಇಬ್ಬರು ಇನ್ನೂ ಫೋನು ಎತ್ತಿರಲಿಲ್ಲ.

ಅರ್ಧ ತಾಸಿನ ಮೇಲೆ ವಿಠಲ ಹೊರಗೆ ಬಂದ. ಅಂಗಿಯ ಗುಂಡಿಗಳನ್ನು ಅದಲುಬದಲು ಹಾಕಿಕೊಂಡಿದ್ದ. ಅಪ್ಪನ ಪಕ್ಕ ಕುಳಿತ.

"ವರದಿ ಯಾವಾಗ ಅಂದ್ರು?"

"ನಾಕ ಗಂಟೇಕ."

ಗೋಡೆಯ ಗಡಿಯಾರದಲ್ಲಿ ಆಗ ಹತ್ತು ಮುಕ್ಕಾಲು.

"ಒಳಗ ನಿಂದು ಬರತಿತ್ತು," ಎಂದ ವಿಠಲ. "ಮಿಷನ್ ಉಸಿರು ಹಿಡೀರಿ ಅಂತಿತ್ತು, ಬಿಡ್ರಿ ಅಂತಿತ್ತು. ನಾ ನಿಂದ ಎಣಿಸ್ಕೋತ ಮಲಗಿದ್ದೆ. ನೂರಾಇಪ್ಪತ್ತರ ತನಕ ಎಣಿಸಿದೆ. ಮುಂದ ತಪ್ಪಿತು."

ಫಕೀರಪ್ಪ ತಲೆಯಾಡಿಸಿದ. ಟಾವೆಲ್ಲಿನಿಂದ ಮುಖ ಒರೆಸಿಕೊಂಡ. ಒಳಗೆ ಇನ್ನೊಬ್ಬನ ಹೆಸರು ಕರೆದರು. ಇಪ್ಪತ್ತರ ಹುಡುಗನೊಬ್ಬ ಎದ್ದು, ತನ್ನವರಿಗೆ ಏನೂ ಆಗಿಲ್ಲವೆಂಬಂತೆ ನಕ್ಕು, ಒಳಗೆ ಹೋದ.

"ಅಪ್ಪಾ," ಎಂದ ವಿಠಲ, ಆ ಬಾಗಿಲನ್ನೇ ನೋಡುತ್ತ. "ಆರಾಮ ಅದೀ?"

"ಇಲ್ಲಪಾ."

ವಿಠಲನ ಹೆಗಲು ಅಪ್ಪನ ಹೆಗಲಿಗೆ ತಾಗಿತು, ಅಲ್ಲಿಯೇ ಉಳಿಯಿತು.

"ನಾನೂ ಇಲ್ಲ," ಎಂದ.